ಉಪ್ಪುನೀರಿನ ತೊಟ್ಟಿಗೆ ಅಂದದ ಪೈಪು: ಬಣ್ಣ ಆಮೇಲೆ, ಮೊದಲು ಗೆರೆ

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಹೊಸ ಮನೆ ಕಟ್ಟಿದ್ದೇವೆ. ಹಾಲ್‌ನಲ್ಲಿ ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಉಪ್ಪುನೀರಿನ ಅಕ್ವೇರಿಯಂ ಇಡುತ್ತಿದ್ದೇನೆ. ಫಿಲ್ಟರ್‌ಗೆಂದು ಕೆಳಗೆ ಸ್ಟ್ಯಾಂಡಿನೊಳಗೆ ಸಂಪ್ ತೊಟ್ಟಿ ಇದೆ. ಸ್ಟ್ಯಾಂಡಿಗೆ ಗಾಜಿನ ಬಾಗಿಲು ಹಾಕಿಸಿರುವುದರಿಂದ ಪೈಪೆಲ್ಲ ಎದ್ದು ಕಾಣುತ್ತದೆ. ಪ್ಲಂಬರ್ ಒಂದು ಸಲ ಕೂರಿಸಿ ತೋರಿಸಿದರು (ಫೋಟೋ ಕಳಿಸಿದ್ದೇನೆ). ನೋಡಿದ ನನ್ನ ಹೆಂಡತಿ "ಬಾತ್‌ರೂಮ್ ಗೋಡೆ ಒಡೆದು ಹಾಲಿಗೆ ತಂದಿಟ್ಟ ಹಾಗಿದೆ" ಎಂದಳು. ಹೊರದೇಶದವರು ಕೆಂಪು, ನೀಲಿ, ಕಪ್ಪು ಪೈಪು ಹಾಕಿರುವುದನ್ನು ನೋಡಿದ್ದೇನೆ. ನಮ್ಮಲ್ಲಿ ಅಂಥದ್ದು ಸಿಗುತ್ತದೆಯೇ? ಬಿಳಿ ಪೈಪಿಗೇ ಬಣ್ಣ ಹೊಡೆದರೆ ಮೀನಿಗೆ ತೊಂದರೆಯೇ? ಗಾಜಿನಂತೆ ಕಾಣುವ ಪಾರದರ್ಶಕ ಪೈಪು ಹಾಕಬಹುದೇ? ಪ್ಲಂಬರ್ ಬಿಸಿನೀರಿಗೆ ಹಾಕುವ ಸಿಪಿವಿಸಿ ಪೈಪೇ ಒಳ್ಳೆಯದು ಅನ್ನುತ್ತಾರೆ. ತೋಟದ ಶೆಡ್ಡಿನಲ್ಲಿ ಅಪ್ಪ ಇಟ್ಟಿರುವ ಬೂದು ಪೈಪು, ಕಪ್ಪು ಎಚ್‌ಡಿಪಿಇ ಪೈಪು ಬೇಕಾದಷ್ಟಿದೆ, ಅದನ್ನೇ ಬಳಸಿದರೆ ಹೇಗೆ?

ಉತ್ತರ: ಫೋಟೋವನ್ನು ಹಿಗ್ಗಿಸಿ ನೋಡಿದೆ. ನಿಮ್ಮ ಮನೆಯವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಆದರೆ ಬಿಳಿ ಬಣ್ಣದ ಮೇಲೆ ಗೂಬೆ ಕೂರಿಸಬೇಡಿ. ಅಲ್ಲಿರುವುದನ್ನು ಒಂದೊಂದಾಗಿ ನೋಡಿ. ನೀರು ಕೆಳಗಿಳಿಯುವ ಡ್ರೈನ್ ಪೈಪು ಬಿಳಿ ಯುಪಿವಿಸಿ. ಪಂಪಿನಿಂದ ಮೇಲೆ ಹೋಗುವ ರಿಟರ್ನ್ ಪೈಪು ಕೆನೆಬಣ್ಣದ ಸಿಪಿವಿಸಿ. ನಡುವೆ ಹೊಳೆಯುವ ಹಿತ್ತಾಳೆಯ ಗೇಟ್ ವಾಲ್ವ್. ಸಿಪಿವಿಸಿ ಜಾಯಿಂಟುಗಳಲ್ಲೆಲ್ಲ ಹಳದಿ ಸಲ್ಯೂಷನ್ (ಪೈಪು ಅಂಟಿಸುವ ಅಂಟು) ಸುರಿದು ಒಣಗಿದೆ. ಪೈಪಿನ ಮೇಲೆ ಅಚ್ಚಾಗಿರುವ ಅಕ್ಷರ ಒಂದು ಕಡೆ ನೆಟ್ಟಗಿದೆ, ಇನ್ನೊಂದು ಕಡೆ ತಲೆಕೆಳಗು. ರಿಟರ್ನ್ ಪೈಪು ಮೇಲೆ ಹೋಗುವಷ್ಟರಲ್ಲಿ ಐದು ಕಡೆ ತಿರುಗಿದೆ, ಅದರಲ್ಲಿ ಎರಡು ತಿರುವು ಕೈಯಲ್ಲಿದ್ದ ತುಂಡು ಸಾಲದೆ ಹಾಕಿದ್ದು ಅಂತ ಕಾಣುತ್ತದೆ. ಇದಕ್ಕೇ ಕೆಂಪು ಬಣ್ಣ ಬಳಿದರೆ ಕೆಂಪು ಬಾತ್‌ರೂಮ್ ಆಗುತ್ತದೆ, ಅಷ್ಟೇ.

ಅಂದದ ಮಾತಿಗೆ ಮುಂಚೆ ಆ ಹಿತ್ತಾಳೆ ವಾಲ್ವ್ ಬಿಚ್ಚಿಸಿ ಪಕ್ಕಕ್ಕಿಡಿ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತು. ಉಪ್ಪುನೀರು ಇವೆರಡನ್ನೂ ನಿಧಾನವಾಗಿ ತಿನ್ನುತ್ತದೆ, ತಿಂದದ್ದು ತೊಟ್ಟಿಗೇ ಬರುತ್ತದೆ. ಸಮುದ್ರದ ಮೀನಿಗೆ ಬಿಳಿ ಚುಕ್ಕೆ ರೋಗ ಬಂದಾಗ ಬೇರೆ ತೊಟ್ಟಿಗೆ ಹಾಕಿ ತಾಮ್ರದ ಔಷಧಿ ಕೊಡುವುದುಂಟು. ಆಗ ನೀರಿನಲ್ಲಿ ಇರಿಸುವ ತಾಮ್ರ ಲೀಟರಿಗೆ ಸುಮಾರು 0.15ರಿಂದ 0.20 ಮಿಲಿಗ್ರಾಂ. ಅಷ್ಟಕ್ಕೆ ಮೀನು ತಡೆದುಕೊಳ್ಳುತ್ತದೆ. ಸೀಗಡಿ, ಬಸವನಹುಳು, ಹವಳ ತಡೆದುಕೊಳ್ಳುವುದಿಲ್ಲ. ಒಮ್ಮೆ ಸೇರಿದ ತಾಮ್ರ ಹವಳದ ಕಲ್ಲಿಗೂ ಮರಳಿಗೂ ಅಂಟಿಕೊಂಡು ಆಮೇಲೂ ಸ್ವಲ್ಪಸ್ವಲ್ಪ ಬಿಡುತ್ತಿರುತ್ತದೆ, ಹಾಗಾಗಿ ವಾಲ್ವ್ ತೆಗೆದ ಮೇಲೂ ಕಾಟ ತಪ್ಪುವುದಿಲ್ಲ. ಇಡೀ ವಾಲ್ವ್ ಹಿತ್ತಾಳೆಯದಾದರೆ ಕಣ್ಣಿಗೆ ಬೀಳುತ್ತದೆ. ಬೀಳದಿರುವುದು ಸಿಪಿವಿಸಿಯ ಎಫ್‌ಟಿಎ, ಎಂಟಿಎ ಎನ್ನುವ ತಿರುಪಿನ ಜೋಡಣೆ ತುಂಡುಗಳು, ನಲ್ಲಿ ಕೂರಿಸುವ ಎಲ್ಬೋಗಳ ಒಳಗಿರುವ ಹಿತ್ತಾಳೆ ತಿರುಪು. ಹೊರಗಿನಿಂದ ಪ್ಲಾಸ್ಟಿಕ್, ಒಳಗೆ ಕೈಬೆರಳು ಹಾಕಿದರೆ ಲೋಹ. ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಚೆಕ್ ವಾಲ್ವ್‌ನೊಳಗಿನ ಸ್ಪ್ರಿಂಗು, ಹೋಸ್ ಬಿಗಿಯುವ ಕ್ಲಿಪ್ಪು, ಬಾಲ್ ವಾಲ್ವ್ ಹಿಡಿಕೆಯ ಸ್ಕ್ರೂ, ಇವನ್ನೂ ಅಂಗಡಿಯಲ್ಲೇ ತಿರುಗಿಸಿ ನೋಡಿ. ಸತು ಲೇಪಿಸಿದ ಕಬ್ಬಿಣದ ಜಿಐ ಪೈಪಿನ ಮಾತು ಬೇಡವೇ ಬೇಡ.

ಶೆಡ್ಡಿನ ಪೈಪಿನ ಪ್ರಶ್ನೆಗೆ ಉತ್ತರವೂ ಇದೇ ತಾಮ್ರದಲ್ಲಿದೆ. ಹೊರದೇಶದವರ ಸಲಹೆಗಳಲ್ಲಿ ಇದು ನಿಮಗೆ ಸಿಗಲಿಕ್ಕಿಲ್ಲ, ಯಾಕೆಂದರೆ ಅವರ ಅಪ್ಪಂದಿರಿಗೆ ಕಾಫಿ ತೋಟ ಇರುವುದಿಲ್ಲ. ಮಳೆಗೆ ಮುಂಚೆ ನಿಮ್ಮ ತೋಟದಲ್ಲಿ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ದ್ರಾವಣ ಹೊಡೆಸುತ್ತೀರಿ: ಕಾಫಿಯ ಎಲೆ ತುಕ್ಕಿಗೆ ಅರ್ಧ ಪರ್ಸೆಂಟ್, ಅಡಕೆ ಕೊಳೆಗೆ ಒಂದು ಪರ್ಸೆಂಟ್. ಮೈಲುತುತ್ತದ ತೂಕದಲ್ಲಿ ಕಾಲು ಪಾಲು ತಾಮ್ರವೇ. ಅಂದರೆ ಅರ್ಧ ಪರ್ಸೆಂಟಿನ ದ್ರಾವಣದ ಒಂದು ಲೀಟರಿನಲ್ಲಿ 1.2 ಗ್ರಾಂಗೂ ಮೇಲೆ ತಾಮ್ರ. ಮೇಲೆ ಹೇಳಿದ 0.15 ಮಿಲಿಗ್ರಾಂ ಜೊತೆ ಹೋಲಿಸಿ, ಎಂಟು ಸಾವಿರ ಪಟ್ಟು ಆಯಿತು. ಸುಣ್ಣದ ಜೊತೆ ಸೇರಿ ಪೈಪಿನ ಒಳಗೋಡೆಗೆ ಹತ್ತಿದ ಆ ತಿಳಿನೀಲಿ ಪೊರೆ ನಾಲ್ಕು ಸಲ ನೀರು ಹಾಯಿಸಿದರೆ ಹೋಗುವುದಲ್ಲ. ಆದ್ದರಿಂದ ಔಷಧಿ ಹೊಡೆಯಲು ಬಳಸಿದ ಪೈಪು, ಹೋಸು, ಡ್ರಮ್ಮು, ಬಕೆಟ್ಟು, ಕೊನೆಗೆ ಉಪ್ಪು ಕಲಕಲು ಎತ್ತಿಕೊಂಡ ಕೋಲು ಕೂಡ ತೋಟದಲ್ಲೇ ಇರಲಿ. ಯಾವ ಪೈಪಿನಲ್ಲಿ ಯಾವಾಗ ಏನು ಹರಿಯಿತು ಎಂದು ಅಪ್ಪನವರಿಗೆ ಖಚಿತವಾಗಿ ನೆನಪಿಲ್ಲದಿದ್ದರೆ, ಹರಿದಿದೆ ಎಂದೇ ಇಟ್ಟುಕೊಳ್ಳಿ.

ಬಳಸದೆ ಇಟ್ಟಿರುವ ಹೊಸ ಪೈಪಾದರೆ ಬೇರೆ ಮಾತು. ಬೂದು ಕೃಷಿ ಪೈಪಿನಲ್ಲಿ ಆಗ ಕೇಳಬೇಕಾದ್ದು ಅದರ ವಯಸ್ಸು. ಪಿವಿಸಿ ಬಿಸಿಗೆ ಕೆಡದಿರಲೆಂದು ತಯಾರಿಸುವಾಗ ಸೀಸದ ಸಂಯುಕ್ತ ಸೇರಿಸುವ ರೂಢಿಯಿತ್ತು. ಇದನ್ನು ಹಂತಹಂತವಾಗಿ ನಿಲ್ಲಿಸಲು ಕೇಂದ್ರ ಪರಿಸರ ಸಚಿವಾಲಯ 2021ರಲ್ಲಿ ನಿಯಮ ತಂದಿತು. ಸೀಸವಿಲ್ಲ ಎಂದು ಮೈಮೇಲೆ ಅಚ್ಚಾಗಿರುವ ಪೈಪು ಈಗ ಸುಲಭವಾಗಿ ಸಿಗುವಾಗ ಹತ್ತು ವರ್ಷ ಹಳೆಯದನ್ನು ಹಾಕಿ ಅನುಮಾನ ಸಾಕಿಕೊಳ್ಳುವುದೇಕೆ? ಕಪ್ಪು ಎಚ್‌ಡಿಪಿಇ ಪೈಪು ಮೀನಿಗೆ ಏನೂ ಮಾಡುವುದಿಲ್ಲ, ಬಣ್ಣವೂ ಚೆನ್ನ. ಆದರೆ ಸುರುಳಿಯಿಂದ ಬಿಚ್ಚಿದ ಎಚ್‌ಡಿಪಿಇ ಜನ್ಮಕ್ಕೂ ನೆಟ್ಟಗಾಗುವುದಿಲ್ಲ, ಅದರ ಕಂಪ್ರೆಷನ್ ಫಿಟ್ಟಿಂಗ್‌ಗಳು ಮುಷ್ಟಿಗಾತ್ರ. ಸ್ಟ್ಯಾಂಡಿನೊಳಗೆ ಬೇಡ. ವಾರಕ್ಕೊಮ್ಮೆ ನೀರು ಬದಲಾಯಿಸುವಾಗ ಹಳೆಯ ನೀರನ್ನು ಹೊರಗಿನ ಚರಂಡಿಗೆ ಸಾಗಿಸಲು ಇಟ್ಟುಕೊಳ್ಳಿ. ಆ ನೀರನ್ನು ಮಾತ್ರ ಗಿಡದ ಬುಡಕ್ಕೆ ಬಿಡಬೇಡಿ, ಲೀಟರಿಗೆ 35 ಗ್ರಾಂ ಉಪ್ಪಿರುತ್ತದೆ.

ಸಿಪಿವಿಸಿ ಒಳ್ಳೆಯದೆಂದ ನಿಮ್ಮ ಪ್ಲಂಬರ್ ಸುಳ್ಳು ಹೇಳಿಲ್ಲ, ಗೀಸರಿನ ನೀರಿಗೆ ಅದು ಒಳ್ಳೆಯದೇ. ನಿಮ್ಮ ತೊಟ್ಟಿಯ ನೀರು 25–26 ಡಿಗ್ರಿ. ಬಿಸಿ ತಡೆಯುವ ಗುಣಕ್ಕೆ ಇಲ್ಲಿ ಕೆಲಸವೇ ಇಲ್ಲ. ಬದಲಿಗೆ ಕೆನೆಬಣ್ಣ, ಹಳದಿ ಸಲ್ಯೂಷನ್, ಹಿತ್ತಾಳೆ ತಿರುಪು, ಈ ಮೂರೂ ಜೊತೆಗೆ ಬರುತ್ತವೆ. ಹಸಿರು ಪಿಪಿಆರ್ ಪೈಪನ್ನು ಕಾಯಿಸಿ ಬೆಸೆಯುವುದರಿಂದ ಜಾಯಿಂಟ್ ಅಚ್ಚುಕಟ್ಟಾಗಿ ಕೂರುತ್ತದೆ, ಆದರೆ ಗೋಡೆ ದಪ್ಪ, ಒಳಗಿನ ದಾರಿ ಸಣ್ಣದು. ಅದರ ವಾಲ್ವ್‌ಗಳಲ್ಲಿ ಮತ್ತೆ ಹಿತ್ತಾಳೆ.

ಹೀಗಾಗಿ ನನ್ನ ಆಯ್ಕೆ ಶೆಡ್ಯೂಲ್ 40ರ (ಪೈಪಿನ ಗೋಡೆ ಎಷ್ಟು ದಪ್ಪ ಎಂದು ಹೇಳುವ ಅಳತೆ) ಬಿಳಿ ಯುಪಿವಿಸಿ, ಸೀಸರಹಿತ, ಪೈಪು ಫಿಟ್ಟಿಂಗ್ ಎರಡೂ ಒಂದೇ ಕಂಪನಿಯದು. ಬಿಳಿ ಎಂದರೆ ಎಲ್ಲವೂ ಒಂದೇ ಬಿಳಿಯಲ್ಲ, ಒಬ್ಬರದು ನೀಲಿಗೆ ತಿರುಗಿದರೆ ಇನ್ನೊಬ್ಬರದು ಹಳದಿಗೆ ತಿರುಗುತ್ತದೆ, ಪಕ್ಕಪಕ್ಕ ಇಟ್ಟಾಗಲೇ ಗೊತ್ತಾಗುವುದು. ಅಳತೆಯಲ್ಲೂ ಒಂದು ತೊಡಕಿದೆ. ಶೆಡ್ಯೂಲ್ 40ರ ಒಂದಿಂಚಿನ ಪೈಪಿನ ಹೊರವ್ಯಾಸ 33.4 ಮಿಲಿಮೀಟರ್. ಭಾರತೀಯ ಮಾನಕ ಐಎಸ್ 4985ರ ಕೃಷಿ ಪೈಪಿನಲ್ಲಿ ಅದೇ ಜಾಗಕ್ಕೆ ಬರುವುದು 32 ಮಿಲಿಮೀಟರ್. ಸಿಪಿವಿಸಿಯ ಒಂದಿಂಚು 28.6. ಅಂಗಡಿಯವರಿಗೆ ಮೂರೂ "ಒಂದಿಂಚು". 32ರದ್ದು 33.4ರ ಎಲ್ಬೋದೊಳಗೆ ಸಲೀಸಾಗಿ ಹೋಗಿ ಅಲ್ಲಾಡುತ್ತದೆ, ಸಲ್ಯೂಷನ್ ಜಾಸ್ತಿ ಬಳಿದರೆ ಕೂತಿತು ಅನ್ನಿಸುತ್ತದೆ, ಆಮೇಲೆ ಹಾಲ್‌ನ ನೆಲ ಒದ್ದೆ. ಇಲ್ಲಿ ಹಾಸನದಲ್ಲಿ ನನ್ನ ಬಳಿ ಬರುವ ಸೋರಿಕೆಯ ದೂರುಗಳಲ್ಲಿ ಹೆಚ್ಚಿನವು ಹೀಗೆ ಎರಡು ಜಾತಿಯ ಪೈಪನ್ನು ಒಂದುಗೂಡಿಸಿದ್ದರಿಂದ ಆದವು.

ಗಾತ್ರ ಎಷ್ಟಿರಬೇಕು? ನಿಮ್ಮ ತೊಟ್ಟಿ ಕಂಠದವರೆಗೆ ಸುಮಾರು 240 ಲೀಟರ್. ಸಂಪ್ ಮೂಲಕ ಗಂಟೆಗೆ ನಾಲ್ಕರಿಂದ ಆರು ಸುತ್ತು ಸಾಕು, ಅಂದರೆ 1000ದಿಂದ 1500 ಲೀಟರ್. ಹವಳಕ್ಕೆ ಬೇಕಾದ ಜೋರು ಅಲೆಯನ್ನು ತೊಟ್ಟಿಯೊಳಗೆ ಮುಳುಗಿಸಿಡುವ ಪವರ್‌ಹೆಡ್ ಪಂಪು ಕೊಡುತ್ತದೆ, ಪೈಪಿನಿಂದ ನಿರೀಕ್ಷಿಸಬೇಡಿ. ಗಂಟೆಗೆ 1500 ಲೀಟರ್ ಹರಿದರೆ ಮುಕ್ಕಾಲಿಂಚಿನ ಪೈಪಿನಲ್ಲಿ ನೀರಿನ ವೇಗ ಸೆಕೆಂಡಿಗೆ ಸುಮಾರು 1.2 ಮೀಟರ್, ಒಂದಿಂಚಿನಲ್ಲಿ 0.75. ವೇಗ ಕಡಿಮೆಯಾದಷ್ಟೂ ಸದ್ದು ಕಡಿಮೆ, ಪಂಪಿನ ಮೇಲೆ ಭಾರ ಕಡಿಮೆ. ಎರಡು ಡ್ರೈನ್, ಒಂದು ರಿಟರ್ನ್, ಮೂರೂ ಪೈಪು ಒಂದಿಂಚಿನದ್ದೇ ಇರಲಿ. ದಪ್ಪ ಒಂದೇ ಆದರೆ ನೋಟಕ್ಕೂ ಒಂದು ಹದ ಬರುತ್ತದೆ. ಒಂದು ದಪ್ಪ, ಒಂದು ಸಣ್ಣ ಇಟ್ಟರೆ ರೆಡ್ಯೂಸರ್‌ಗಳೇ ಕಣ್ಣಿಗೆ ಚುಚ್ಚುತ್ತವೆ.

ಇನ್ನು ಗೆರೆ. ತೊಟ್ಟಿಯ ಮೇಲಿನ ನೀರು ತುಳುಕಿ ಬೀಳುವ ನಿಮ್ಮ ಓವರ್‌ಫ್ಲೋ ಬಾಕ್ಸಿನಲ್ಲಿ ಮೂರು ತೂತಿದೆ, ಒಳ್ಳೆಯದಾಯಿತು. ಒಂದು ಮುಖ್ಯ ಡ್ರೈನ್, ಒಂದು ತುರ್ತು ಡ್ರೈನ್, ಒಂದು ರಿಟರ್ನ್. ಹವ್ಯಾಸಿಗಳು ಹರ್ಬಿ ಪದ್ಧತಿ ಅನ್ನುವುದು ಇದನ್ನೇ: ಮುಖ್ಯ ಡ್ರೈನಿಗೆ ಗೇಟ್ ವಾಲ್ವ್ ಹಾಕಿ, ಪೈಪು ತುಂಬ ನೀರೇ ಇರುವಂತೆ, ಗಾಳಿ ಸೇರದಂತೆ ಹದ ಮಾಡುವುದು. ಗಾಳಿ ಇಲ್ಲದಿದ್ದರೆ ಗೊಳಗೊಳ ಸದ್ದಿಲ್ಲ. ತುರ್ತು ಪೈಪಿನ ಬಾಯಿ ಸ್ವಲ್ಪ ಮೇಲಿರುತ್ತದೆ. ಮುಖ್ಯ ಪೈಪಿಗೆ ಕಸವೋ ಬಸವನಹುಳುವೋ ಅಡ್ಡ ಬಂದರೆ ಮಾತ್ರ ಅದರಲ್ಲಿ ನೀರು ಇಳಿಯುತ್ತದೆ. ಮುಖ್ಯ ಡ್ರೈನಿನ ಕೆಳತುದಿ ಸಂಪ್ ನೀರಿನಲ್ಲಿ ಒಂದಿಂಚು ಮುಳುಗಿದ್ದರೆ ಸಾಕು. ಆಳಕ್ಕೆ ಮುಳುಗಿಸಿದರೆ ಕರೆಂಟು ಬಂದಾಗ ಒಳಗಿನ ಗಾಳಿ ಹೊರಹೋಗಲು ಒದ್ದಾಡುತ್ತದೆ. ತುರ್ತು ಪೈಪಿನ ತುದಿ ನೀರಿನ ಮೇಲೇ ನಿಲ್ಲಲಿ, ಬಿದ್ದ ನೀರಿನ ಸದ್ದೇ ನಿಮಗೆ ಎಚ್ಚರಿಕೆ. ಇಲ್ಲಿ ಬೇಕಾದ್ದು ಪ್ಲಾಸ್ಟಿಕ್ ಗೇಟ್ ವಾಲ್ವ್. ಚಿಕ್ಕಮಗಳೂರಿನ ಹಾರ್ಡ್‌ವೇರ್ ಅಂಗಡಿಯಲ್ಲಿ ಗೇಟ್ ವಾಲ್ವ್ ಕೇಳಿದರೆ ಹಿತ್ತಾಳೆಯದನ್ನೇ ಕೈಗಿಡುವ ಸಂಭವ ಜಾಸ್ತಿ. ಸಿಗದಿದ್ದರೆ ಬೆಂಗಳೂರಿನಿಂದ ತರಿಸಿ, ಕಾಯಿರಿ. ಬಾಲ್ ವಾಲ್ವ್‌ನಲ್ಲೂ ನಡೆಯುತ್ತದೆ, ಆದರೆ ಹಿಡಿಕೆ ಒಂದು ಕೂದಲೆಳೆ ತಿರುಗಿದರೆ ನೀರಿನ ಮಟ್ಟ ಏರುಪೇರಾಗುತ್ತದೆ, ಹದ ಸಿಗುವುದು ಕಷ್ಟ.

ಈ ಮೂರು ಪೈಪನ್ನು ಒಂದಕ್ಕೊಂದು ಸಮಾನ ದೂರದಲ್ಲಿ, ತೂಗುಗುಂಡು ಬಿಟ್ಟ ಹಾಗೆ ನೇರ ಇಳಿಸಿ. ನಡುವಿನ ಅಂತರ ಯೂನಿಯನ್‌ನ (ಪೈಪನ್ನು ಕತ್ತರಿಸದೆ ತಿರುಪಿ ಬಿಚ್ಚಬಹುದಾದ ಜಾಯಿಂಟ್) ನಟ್ಟನ್ನು ಹಿಡಿದು ತಿರುಗಿಸಲು ಕೈ ಹೋಗುವಷ್ಟಿರಲಿ. ಒಂದಿಂಚಿನ ಪೈಪಿಗೆ ಮಧ್ಯದಿಂದ ಮಧ್ಯಕ್ಕೆ ಒಂಬತ್ತು ಹತ್ತು ಸೆಂಟಿಮೀಟರ್ ಬೇಕಾಗುತ್ತದೆ. ಮೂರು ಯೂನಿಯನ್ ಒಂದೇ ಎತ್ತರದಲ್ಲಿ ಬರಲಿ. ಅದರ ಕೆಳಗೆ ವಾಲ್ವ್‌ಗಳೂ ಒಂದೇ ಸಾಲಿನಲ್ಲಿ, ಹಿಡಿಕೆಗಳ ಮುಖ ಒಂದೇ ಕಡೆಗೆ. ಇಷ್ಟು ಮಾಡಿದರೆ ಯಾವ ಬಣ್ಣವೂ ಇಲ್ಲದೆ ಅರ್ಧ ಕೆಲಸ ಮುಗಿಯುತ್ತದೆ. ಪೈಪು ಪಕ್ಕಕ್ಕೆ ಸರಿಯಲೇಬೇಕಾದ ಕಡೆ 90 ಡಿಗ್ರಿಯ ಎರಡು ಎಲ್ಬೋ ಬದಲು 45 ಡಿಗ್ರಿಯ ಎರಡು ಎಲ್ಬೋ ಹಾಕಿ. ನೋಟಕ್ಕೆ ನಯ, ನೀರಿಗೂ ಸಲೀಸು. ಒಂದಿಂಚಿನ ಒಂದು 90 ಡಿಗ್ರಿ ಎಲ್ಬೋ ಸುಮಾರು ಮುಕ್ಕಾಲು ಮೀಟರ್ ನೇರ ಪೈಪಿನಷ್ಟು ತಡೆ ಒಡ್ಡುತ್ತದೆ. ನಿಮ್ಮ ರಿಟರ್ನ್ ಪೈಪಿನ ಐದು ತಿರುವುಗಳಿಂದ ಪಂಪು ಸುಮ್ಮನೆ ಮೂರೂಮುಕ್ಕಾಲು ಮೀಟರ್ ಹೆಚ್ಚು ತಳ್ಳುತ್ತಿದೆ, ಸ್ಟ್ಯಾಂಡಿನ ಎತ್ತರವೇ ಅಷ್ಟಿಲ್ಲ! ಪಂಪಿನ ಬಾಯಿಯಿಂದ ಮೊದಲ ಗೇಣುದ್ದ ಮಾತ್ರ ಮೆತ್ತನೆಯ ಸಿಲಿಕಾನ್ ಹೋಸ್ ಇರಲಿ. ಗಟ್ಟಿ ಪೈಪನ್ನೇ ಪಂಪಿಗೆ ನೇರ ಕೂರಿಸಿದರೆ ಅದರ ನಡುಕ ಇಡೀ ಸ್ಟ್ಯಾಂಡಿಗೆ ಹತ್ತಿ ರಾತ್ರಿಯೆಲ್ಲ ಗುಂಯ್ ಅನ್ನುತ್ತದೆ.

ಜಾಯಿಂಟ್ ಮಾಡುವುದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಯಾಕೆಂದರೆ ಕಣ್ಣು ಮೊದಲು ಹೋಗುವುದು ಅಲ್ಲಿಗೇ, ಮತ್ತು ನಮ್ಮಲ್ಲಿ ಪೈಪು ಗೋಡೆಯೊಳಗೆ ಹೋಗುವ ವಸ್ತುವಾದ್ದರಿಂದ ಪ್ಲಂಬರ್‌ಗಳಿಗೆ ಅದನ್ನು ಚೆಂದ ಮಾಡಿ ಅಭ್ಯಾಸವಿಲ್ಲ. ಪೈಪು ಕತ್ತರಿಸುವ ಮುಂಚೆ ಒಂದು ಹಾಳೆಯನ್ನು ಪೈಪಿನ ಸುತ್ತ ಸುತ್ತಿ, ಅಂಚಿಗೆ ಅಂಚು ಕೂರಿಸಿ, ಆ ಅಂಚಿನಗುಂಟ ಪೆನ್ಸಿಲ್ ಗೆರೆ ಎಳೆಯಿರಿ. ಸೊಟ್ಟ ಕತ್ತರಿಸುವ ಪ್ರಮೇಯವೇ ಬರುವುದಿಲ್ಲ. ಮಾರ್ಕರ್ ಪೆನ್ ಬೇಡ, ಸಲ್ಯೂಷನ್ ತಾಗಿದರೆ ಶಾಯಿ ಕರಗಿ ಹರಿಯುತ್ತದೆ. ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಿನಲ್ಲಿ ಕೊಯ್ದು, ಅಂಚಿನ ಸಿಬಿರನ್ನು ಒಳಗೂ ಹೊರಗೂ ಚಾಕುವಿನಿಂದ ಕೆರೆದು ತೆಗೆಯಿರಿ. ಒಳಗೆ ಉಳಿದ ಸಿಬಿರು ಮುಂದೆ ಪಂಪಿನ ರೆಕ್ಕೆಗೋ ಗೇಟ್ ವಾಲ್ವಿಗೋ ಹೋಗಿ ಸಿಕ್ಕಿಕೊಳ್ಳುತ್ತದೆ.

ಮೊದಲು ಎಲ್ಲವನ್ನೂ ಒಣ ಒಣವಾಗಿ ಜೋಡಿಸಿ ನೋಡುವುದು ಸರಿಯಾದ ಕ್ರಮ. ಆದರೆ ಅಲ್ಲಿ ತೆಗೆದ ಅಳತೆಯನ್ನೇ ನಂಬಿದರೆ ಮೋಸ ಹೋಗುತ್ತೀರಿ. ಫಿಟ್ಟಿಂಗ್‌ನ ಬಾಯಿ ಒಳಗೆ ಹೋದಂತೆ ಕಿರಿದಾಗುತ್ತದೆ. ಒಣಗಿದ್ದಾಗ ಪೈಪು ಅರ್ಧವೋ ಮುಕ್ಕಾಲೋ ಹೋಗಿ ನಿಲ್ಲುತ್ತದೆ, ಸಲ್ಯೂಷನ್ ಹಚ್ಚಿದಾಗ ತಳ ಮುಟ್ಟುವವರೆಗೆ ಜಾರುತ್ತದೆ. ನಾಲ್ಕು ಜಾಯಿಂಟ್ ಇರುವ ಪೈಪು ಹೀಗೆ ಒಟ್ಟಾರೆ ಎರಡು ಮೂರು ಸೆಂಟಿಮೀಟರ್ ಗಿಡ್ಡವಾಗುವುದುಂಟು. ಆಗ ಸಾಲಾಗಿ ಬರಬೇಕಾಗಿದ್ದ ಯೂನಿಯನ್‌ಗಳು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲುತ್ತವೆ. ಆದ್ದರಿಂದ ಫಿಟ್ಟಿಂಗ್‌ನ ಒಳಗಿನ ಆಳವನ್ನು ಸ್ಕೇಲ್ ಇಳಿಸಿ ಅಳೆದು, ಅಷ್ಟನ್ನು ಪೈಪಿನ ಮೇಲೆ ಗುರುತು ಮಾಡಿ, ಲೆಕ್ಕ ಹಾಕಿ ಕತ್ತರಿಸಿ. ಆ ಗುರುತಿನಿಂದ ಆಚೆಗೆ ಮಾಸ್ಕಿಂಗ್ ಟೇಪು ಸುತ್ತಿ. ಬಣ್ಣವಿಲ್ಲದ ಯುಪಿವಿಸಿ ಸಲ್ಯೂಷನ್ ಅನ್ನು ಪೈಪಿಗೆ ಧಾರಾಳವಾಗಿ, ಫಿಟ್ಟಿಂಗ್‌ನೊಳಗೆ ತೆಳ್ಳಗೆ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ತಳ ಮುಟ್ಟಿಸಿ, ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಹಿಡಿಯದಿದ್ದರೆ ಆ ಕಿರಿದಾದ ಬಾಯಿಯೇ ಪೈಪನ್ನು ಹಿಂದಕ್ಕೆ ತಳ್ಳುತ್ತದೆ. ಅಂಚಿನಲ್ಲಿ ಉಕ್ಕಿದ್ದನ್ನು ಬಟ್ಟೆಯಲ್ಲಿ ಒಂದೇ ಸಲ ಒರೆಸಿ, ಸಲ್ಯೂಷನ್ ಒಣಗುವ ಮುಂಚೆಯೇ ಟೇಪು ಎಳೆದುಬಿಡಿ. ಬೆಳ್ಳಗಿನ ಪೈಪು, ಚೂಪಾದ ಒಂದು ಗೆರೆ, ಆಮೇಲೆ ಎಲ್ಬೋ, ಹೀಗೆ ಕಾಣುತ್ತದೆ. ಗಾಜಿಗೆ ಕೂರಿಸುವ ಟ್ಯಾಂಕ್ ನಿಪ್ಪಲ್‌ನ ರಬ್ಬರ್ ವಾಷರ್ ಚಾಚು ಇರುವ ಕಡೆ ಬರಬೇಕು, ನಟ್ಟಿನ ಕಡೆಯಲ್ಲ. ಕೈಯಲ್ಲಿ ಬಿಗಿ ಮಾಡಿ ಮೇಲೆ ಕಾಲು ಸುತ್ತು ಸಾಕು, ಸ್ಪ್ಯಾನರ್ ಹಾಕಿ ಜಗ್ಗಿದರೆ ಗಾಜು ಬಿರಿಯುತ್ತದೆ.

ಪೈಪಿನ ಮೇಲಿನ ಅಕ್ಷರ ಅಸಿಟೋನ್ ಅದ್ದಿದ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಉಜ್ಜುತ್ತ ಕೂರಬೇಡಿ, ಅಸಿಟೋನ್ ಪಿವಿಸಿಯನ್ನೇ ಮೆತ್ತಗೆ ಮಾಡಿ ಮೇಲ್ಮೈ ಮಂಕಾಗಿಸುತ್ತದೆ. ಒಂದು ಒರೆತ, ಬಟ್ಟೆಯ ಹೊಸ ಭಾಗದಲ್ಲಿ ಇನ್ನೊಂದು ಒರೆತ. ಕಿಟಕಿ ತೆಗೆದಿರಲಿ, ಹತ್ತಿರ ಬೆಂಕಿ ಬೇಡ, ಮತ್ತು ಇದೆಲ್ಲ ಜೋಡಿಸುವ ಮುಂಚೆ, ಹೊರಗೆ, ಆಗಬೇಕಾದ ಕೆಲಸ.

ಈಗ ನಿಮ್ಮ ಮೂಲ ಪ್ರಶ್ನೆಗೆ ಬರೋಣ. ಹೊರದೇಶದಲ್ಲಿ ನೀವು ನೋಡಿದ ಕೆಂಪು, ನೀಲಿ, ನೇರಳೆ ಪೈಪುಗಳಲ್ಲಿ ಕೆಲವು ಮೇಜು ಕುರ್ಚಿ ಮಾಡಲೆಂದೇ ತಯಾರಾಗುವ ಪಿವಿಸಿ, ನೀರಿನ ಒತ್ತಡಕ್ಕೆಂದು ಪರೀಕ್ಷೆಯಾದವಲ್ಲ. ತರಿಸುವುದಾದರೆ ಪೈಪಿನ ಜೊತೆ ಪ್ರತಿ ಎಲ್ಬೋ, ಪ್ರತಿ ಯೂನಿಯನ್ ಅದೇ ಬಣ್ಣದ್ದು, ಅದೇ ಅಳತೆಯದ್ದು ತರಿಸಬೇಕು. ಮುಂದೆ ಒಂದು ಎಲ್ಬೋ ಒಡೆದರೆ ಬಿಳಿಯದನ್ನು ಹಾಕಿ ತೇಪೆ ಹಚ್ಚಬೇಕಾಗುತ್ತದೆ. ನನಗೆ ಆ ಖರ್ಚು ದಂಡ ಅನ್ನಿಸುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಪೈಪಿಗೆ ಬಣ್ಣ ಹೊಡೆಯದೆ ಸ್ಟ್ಯಾಂಡಿನ ಒಳಗೋಡೆಗೆ ಹೊಡೆಸುತ್ತೇನೆ. ಹಿಂದಿನ ಹಲಗೆ, ಪಕ್ಕ, ತಳ, ಎಲ್ಲಕ್ಕೂ ಗಾಢ ಬೂದು ಅಥವಾ ಹೊಳಪಿಲ್ಲದ ಕಪ್ಪು ಎಪಾಕ್ಸಿ ಪೇಂಟು. ಅದರ ಮುಂದೆ ಅಕ್ಷರವಿಲ್ಲದ ಮೂರು ಬಿಳಿ ಪೈಪು ನೇರ ಇಳಿದಿರುವುದನ್ನು ಕಲ್ಪಿಸಿಕೊಳ್ಳಿ. ಮಾಡಬೇಕೆಂದೇ ಮಾಡಿದ್ದು ಅಂತ ಗೊತ್ತಾಗುತ್ತದೆ. ಪ್ಲೈವುಡ್ಡಿಗೂ ಉಪ್ಪುನೀರಿನಿಂದ ರಕ್ಷಣೆ. ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಉಪ್ಪುನೀರಿನ ಜಾಯಿಂಟು ಸೋರತೊಡಗಿದಾಗ ಮೊದಲು ಕಾಣುವುದು ನೀರಲ್ಲ, ಉಪ್ಪು. ಹನಿ ಒಣಗಿ ಬಿಳಿ ಪುಡಿಯಾಗಿ ಹರಡುತ್ತದೆ. ಬಿಳಿ ಪೈಪಿನ ಮೇಲೆ, ತಿಳಿ ಬಣ್ಣದ ಹಲಗೆಯ ಮೇಲೆ ಅದು ಕಣ್ಣಿಗೆ ಬೀಳುವುದಿಲ್ಲ, ಜಾಯಿಂಟಿನ ಮೇಲೆ ಬೆರಳಾಡಿಸಿದರೆ ಮಾತ್ರ ರವೆ ರವೆ ತಾಗುತ್ತದೆ. ಕಪ್ಪು ತಳದ ಮೇಲಾದರೆ ಸಾಸಿವೆಯಷ್ಟು ಬಿಳಿ ಚುಕ್ಕೆ ಬಿದ್ದರೂ ಗಾಜಿನ ಬಾಗಿಲಿನಾಚೆಯಿಂದಲೇ ಕಾಣುತ್ತದೆ, ಅದರ ನೆತ್ತಿಯ ಮೇಲೆ ಯಾವ ಜಾಯಿಂಟ್ ಇದೆ ಎಂದು ನೋಡಿದರಾಯಿತು. ಮಲೆನಾಡಿನ ಮಳೆಗಾಲದಲ್ಲಿ ಈ ಉಪ್ಪು ಗಾಳಿಯ ತೇವ ಹೀರಿಕೊಂಡು ಮತ್ತೆ ನೀರಾಗಿ ಬಾಗಿಲಿನ ಹಿಂಜಿಗೆ ಇಳಿದು ತುಕ್ಕು ಹಿಡಿಸುತ್ತದೆ, ಆದ್ದರಿಂದ ಬೇಗ ಕಾಣುವುದು ಮುಖ್ಯ.

ಪೈಪೇ ಕಪ್ಪಾಗಿರಬೇಕು ಎಂದು ಮನೆಯಲ್ಲಿ ಪಟ್ಟು ಹಿಡಿದರೆ, ಹೊರಮೈಗೆ ಸ್ಪ್ರೇ ಪೇಂಟು ಹೊಡೆಯಬಹುದು. ನೀರು ತಾಗುವ ಯಾವ ಭಾಗಕ್ಕೂ ಬೇಡ: ಒಳಮೈ, ಸಂಪ್‌ನಲ್ಲಿ ಮುಳುಗುವ ತುದಿ, ಓವರ್‌ಫ್ಲೋ ಬಾಕ್ಸಿನೊಳಗಿನ ತುಂಡು, ಇವು ಬರಿಯಾಗೇ ಇರಲಿ. ಬಾಕ್ಸಿನೊಳಗಿನದನ್ನು ಮರೆತುಬಿಡಿ, ತೊಟ್ಟಿ ಹಳೆಯದಾದಂತೆ ನೇರಳೆ ಬಣ್ಣದ ಕೊರಲೈನ್ ಪಾಚಿ ತಾನಾಗಿ ಅದಕ್ಕೆ ಬಣ್ಣ ಹಚ್ಚುತ್ತದೆ. ಪೇಂಟನ್ನು ಅಂಟಿಸುವ ಮುಂಚೆ ಹೊಡೆದರೆ ಜಾಯಿಂಟ್ ಹಿಡಿಯುವುದಿಲ್ಲ, ಸಲ್ಯೂಷನ್‌ಗೆ ಬರೀ ಪ್ಲಾಸ್ಟಿಕ್ ಬೇಕು. ಆದ್ದರಿಂದ ಯೂನಿಯನ್‌ನಿಂದ ಯೂನಿಯನ್‌ಗೆ ಒಂದೊಂದು ಭಾಗವನ್ನು ಅಂಟಿಸಿ, ಒಣಗಿದ ಮೇಲೆ ಬಿಚ್ಚಿ ಹೊರಗೆ ಒಯ್ಯಿರಿ. 320ರ ವಾಟರ್‌ಪೇಪರಿನಲ್ಲಿ ಹೊಳಪು ಹೋಗುವಷ್ಟು ಉಜ್ಜಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ತುದಿಗಳಿಗೂ ಯೂನಿಯನ್ ತಿರುಪಿಗೂ ಟೇಪು ಸುತ್ತಿ, ಪ್ಲಾಸ್ಟಿಕ್ ಪ್ರೈಮರ್ ಒಂದು ಕೋಟು, ಮ್ಯಾಟ್ ಕಪ್ಪು ತೆಳ್ಳಗೆ ಎರಡು ಮೂರು ಕೋಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈ ಹಾಕಬೇಡಿ. ತೇವದ ಗಾಳಿಗೆ ಪೇಂಟಿನ ಮೇಲೆ ಮಂಜು ಕವಿದ ಹಾಗೆ ಬಿಳಿ ಪೊರೆ ಕಟ್ಟುತ್ತದೆ. ವಾರ ಹತ್ತು ದಿನ ವಾಸನೆ ಪೂರ್ತಿ ಹೋಗುವವರೆಗೆ ಒಣಗಿಸಿ ಆಮೇಲೆ ಕೂರಿಸಿ. ಮೀನಿರುವ ಕೋಣೆಯಲ್ಲಂತೂ ಯಾವತ್ತೂ ಸ್ಪ್ರೇ ಮಾಡಬೇಡಿ.

ಪಾರದರ್ಶಕ ಪೈಪು ಬೇಡ. ಮೊದಲ ದಿನ ಚೆಂದ. ಬೆಳಕು ಬಿದ್ದಲ್ಲೆಲ್ಲ ಒಳಗೆ ಕಂದು ಹಸಿರು ಪಾಚಿ ಕಟ್ಟುತ್ತದೆ, ಒಳಗೆ ಬ್ರಷ್ ಹೋಗುವುದಿಲ್ಲ. ಆಸೆ ಇದ್ದರೆ ಮುಖ್ಯ ಡ್ರೈನಿನಲ್ಲಿ ಎರಡು ಯೂನಿಯನ್‌ಗಳ ನಡುವೆ ಅಂಗೈಯುದ್ದದ ಒಂದು ತುಂಡು ಹಾಕಿಸಿ. ಗುಳ್ಳೆ ಬರುತ್ತಿದೆಯೋ ಇಲ್ಲವೋ ನೋಡಿ ಗೇಟ್ ವಾಲ್ವ್ ಹದ ಮಾಡಲು ಅನುಕೂಲ, ಪಾಚಿ ಕಟ್ಟಿದಾಗ ಬಿಚ್ಚಿ ತೊಳೆಯಬಹುದು.

ಬಣ್ಣಕ್ಕೆ ನಿಜವಾದ ಉಪಯೋಗ ಇರುವುದು ವಾಲ್ವ್ ಹಿಡಿಕೆಗಳಲ್ಲಿ. ಡ್ರೈನಿನದು ನೀಲಿ, ರಿಟರ್ನ್‌ದು ಕೆಂಪು ಇರಲಿ, ಬೇರೆ ಯಾವ ಬಣ್ಣವೂ ಸ್ಟ್ಯಾಂಡಿನೊಳಗೆ ಬೇಡ. ನೀವು ಬೆಂಗಳೂರಿನಲ್ಲಿದ್ದಾಗ ಮನೆಯಲ್ಲಿ ಏನಾದರೂ ಆಗಿ ಫೋನ್ ಬಂದರೆ "ಪಂಪಿನ ಸ್ವಿಚ್ ಆರಿಸಿ, ಕೆಂಪು ಹಿಡಿಕೆ ಅಡ್ಡ ತಿರುಗಿಸಿ" ಎಂದರೆ ಯಾರಿಗಾದರೂ ಅರ್ಥವಾಗುತ್ತದೆ.

ಕೊನೆಯದಾಗಿ, ನೀವು ಕೇಳದೇ ಇರುವ ಒಂದು ವಿಷಯ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟು ಹೋಗುವುದು ಹೊಸದೇನಲ್ಲ. ಪಂಪು ನಿಂತ ಕೂಡಲೇ ರಿಟರ್ನ್ ಪೈಪಿನ ಮೂಲಕ ತೊಟ್ಟಿಯ ನೀರು ಹಿಂದಕ್ಕೆ ಸಂಪ್‌ಗೆ ಇಳಿಯುತ್ತದೆ. ನಿಮ್ಮ ತೊಟ್ಟಿಯಲ್ಲಿ ಒಂದಿಂಚು ಮಟ್ಟ ಇಳಿದರೆ ಸುಮಾರು 13.5 ಲೀಟರ್. ರಿಟರ್ನ್ ಪೈಪಿನ ಬಾಯಿ ನಾಲ್ಕಿಂಚು ಆಳದಲ್ಲಿದ್ದರೆ 54 ಲೀಟರ್, ಅಷ್ಟು ಜಾಗ ನಿಮ್ಮ ಸಂಪ್‌ನಲ್ಲಿ ಖಾಲಿ ಇದ್ದಂತಿಲ್ಲ. ಬಾಯಿಯನ್ನು ನೀರಿನ ಮಟ್ಟಕ್ಕೆ ಹತ್ತಿರ ಇಡಿ, ಮಟ್ಟದ ಸ್ವಲ್ಪವೇ ಕೆಳಗೆ ಪೈಪಿಗೆ ಸಣ್ಣ ತೂತು ಕೊರೆಯಿರಿ. ನೀರು ಅಲ್ಲಿಗೆ ಇಳಿದಾಗ ಗಾಳಿ ಸೇರಿ ಹರಿವು ನಿಲ್ಲುತ್ತದೆ. ಆ ತೂತಿನಲ್ಲಿ ಪಾಚಿ, ಬಸವನಹುಳು ಸೇರಿಕೊಳ್ಳುತ್ತವೆ, ಗಾಜು ಒರೆಸುವಾಗಲೆಲ್ಲ ಒಂದು ಕಡ್ಡಿ ಆಡಿಸಿ. ಚೆಕ್ ವಾಲ್ವ್ ಹಾಕಿದ್ದೇನೆ, ಸಾಕು ಎಂದು ಕೂರಬೇಡಿ. ಒಂದು ಮರಳಿನ ಕಾಳು ಅದರ ಬಾಯಿಗೆ ಸಿಕ್ಕರೆ ಮುಗಿಯಿತು.

ಎಲ್ಲ ಅಂಟಿಸಿ ಒಂದು ದಿನ ಹಾಗೇ ಬಿಡಿ, ಚಳಿಗಾಲವಾದರೆ ಎರಡು ದಿನ. ಆಮೇಲೆ ಬರೀ ಸಿಹಿನೀರು ತುಂಬಿಸಿ ಪಂಪು ಓಡಿಸಿ. ಪ್ರತಿ ಜಾಯಿಂಟಿನ ಕೆಳಗೂ ಟಿಶ್ಯೂ ಕಾಗದ ಸುತ್ತಿಟ್ಟು ರಾತ್ರಿ ಕಳೆಯಲಿ, ಬೆಳಿಗ್ಗೆ ಒದ್ದೆಯಾಗಿರುವುದು ಯಾವುದೆಂದು ನೋಡಿ. ನಾಲ್ಕೈದು ಸಲ ಬೇಕೆಂದೇ ಮೇನ್ ಸ್ವಿಚ್ ಆರಿಸಿ, ಸಂಪ್ ಎಲ್ಲಿಯವರೆಗೆ ತುಂಬುತ್ತದೆ ಎಂದು ಗಾಜಿನ ಮೇಲೆ ಗುರುತು ಹಾಕಿ. ಆ ನೀರನ್ನು ಪೂರ್ತಿ ಚೆಲ್ಲಿದರೆ ಸಲ್ಯೂಷನ್‌ನ ಉಳಿಕೆಯೂ ಹೋಗುತ್ತದೆ. ಉಪ್ಪಿನ ಪ್ಯಾಕೆಟ್ ಒಡೆಯುವುದು ಅದಾದ ಮೇಲೆ.